ಐದು ದಿನದಲ್ಲಿ ಬೆಳೆದ ಕರುಳು

ಲಕ್ಷದ್ವೀಪದ ಕದ್ಮತ್ ದ್ವೀಪಕ್ಕೆ ಹೋದ ಎರಡನೇ ದಿನ ಬೆಳಿಗ್ಗೆ ಸಮುದ್ರ ಪೂರ್ತಿ ಇಳಿದಿತ್ತು. ದಡದ ಸತ್ತ ಹವಳದ ಕಲ್ಲುಗಳ ನಡುವೆ ಅಲ್ಲಲ್ಲಿ ನೀರು ನಿಂತು ಗುಂಡಿಗಳಾಗಿದ್ದವು. ಅಂಥದ್ದೊಂದರ ಪಕ್ಕ ಕುಕ್ಕರಗಾಲಲ್ಲಿ ಕೂತೆ. ನಮ್ಮನೆ ಬಚ್ಚಲ ಹಂಡೆಯಷ್ಟು ಅಗಲ, ಮೊಣಕೈ ಮುಳುಗುವಷ್ಟು ಆಳ. ಮೊದಲು ಏನೂ ಕಾಣಲಿಲ್ಲ. ನನ್ನ ನೆರಳು ಅಲ್ಲಾಡದೆ ನಿಂತ ಮೇಲೆ ಕಲ್ಲಿನ ಸಂದಿಯಿಂದ ಒಂದೊಂದಾಗಿ ಹೊರಬಂದವು, ಹತ್ತು ರೂಪಾಯಿ ನಾಣ್ಯದಗಲದ ಏಳು ಮೀನು. ಬೂದು ಬಿಳುಪಿನ ಚಪ್ಪಟೆ ಮೈಗೆ ಎಳೆ ಹಸಿರಿನ ಲೇಪ, ಅದರ ಮೇಲೆ ಶಾಯಿಯಲ್ಲಿ ಎಳೆದಂತೆ ಮೇಲಿಂದ ಕೆಳಕ್ಕೆ ಐದಾರು ಕಪ್ಪು ಗೆರೆ. ಮೊದಲ ಗೆರೆ ಕಣ್ಣಿನ ಮೇಲೆಯೇ ಹಾದಿತ್ತು. ಬಂದವು ಬಂದ ಹಾಗೇ ಕಲ್ಲಿಗೆ ಬಾಯಿ ಹಚ್ಚಿ ಪಾಚಿ ಕಚ್ಚತೊಡಗಿದವು.

ಒಂದು ಮಾತ್ರ ಬೇರೆ ಥರ ಇತ್ತು. ಅದರ ಗೆರೆ ಇನ್ನೂ ಮಸುಕು. ಹೊಟ್ಟೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಬಾಲದ ಬುಡದಲ್ಲಂತೂ ಮೈ ಗಾಜಿನಂತಿದ್ದು, ಹಿಂದಿದ್ದ ಕಲ್ಲು ಆರಪಾರ ಕಾಣುತ್ತಿತ್ತು. ಉಳಿದವು ಮೇಯುತ್ತಿದ್ದರೆ ಇದು ಸುಮ್ಮನೆ ಸಂದಿಯ ಬಾಯಲ್ಲಿ ನಿಂತಿತ್ತು. ನನ್ನ ಜೊತೆ ಬಂದಿದ್ದ ದ್ವೀಪದ ಹುಡುಗ ಬಗ್ಗಿ ನೋಡಿ, ತನಗೆ ಬರುವ ಹಿಂದಿಯಲ್ಲಿ, "ಇದು ಹೊಸದು, ನಿನ್ನೆ ರಾತ್ರಿ ಬಂದಿದ್ದು" ಅಂದ. ಎಲ್ಲಿಂದ ಅಂತ ಕೇಳಿದೆ. ಅವನು ಕೈಯನ್ನು ಹವಳದ ದಿಬ್ಬದಾಚೆ, ನೀರು ಕಡುನೀಲಿಯಾಗುವ ಕಡೆ ಚಾಚಿದ.

ಆ ಕೈ ತೋರಿಸಿದ ದೂರ ಎಷ್ಟೆಂದು ಅರ್ಥವಾಗಿದ್ದು ಊರಿಗೆ ಬಂದು ಓದತೊಡಗಿದ ಮೇಲೆ.

ಗುಂಡಿಯಲ್ಲಿ ಕಂಡ ಮೀನು ಸರ್ಜನ್ ಮೀನುಗಳ ಕುಟುಂಬದ್ದು. ಮೈಮೇಲಿನ ಗೆರೆ ಹಳೇ ಕಾಲದ ಜೈಲು ಬಟ್ಟೆಯಂತೆ ಕಂಡಿದ್ದರಿಂದ ಇಂಗ್ಲಿಷಿನವರು ಇದನ್ನು ಕೈದಿ ಸರ್ಜನ್ ಎಂದು ಕರೆದರು. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಇದಕ್ಕೆ ಹೆಸರು ಕೊಟ್ಟಿದ್ದ. ಇವತ್ತಿನ ವೈಜ್ಞಾನಿಕ ಹೆಸರು ಅಕ್ಯಾಂಥುರಸ್ ಟ್ರಯೋಸ್ಟೀಗಸ್. ಅಕ್ಯಾಂಥುರಸ್ ಎಂದರೆ ಮುಳ್ಳುಬಾಲ. ಹವಾಯಿಯವರು ಮಾತ್ರ ಇದನ್ನು ಮನಿನಿ ಅನ್ನುತ್ತಾರೆ. ಏನೂ ತಪ್ಪು ಮಾಡದ ಜೀವಕ್ಕೆ ಕೈದಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ, ಹಾಗಾಗಿ ಇಲ್ಲಿ ಮನಿನಿ ಅಂತಲೇ ಬರೆಯುತ್ತೇನೆ. ಆಫ್ರಿಕಾದ ಪೂರ್ವ ಕರಾವಳಿಯಿಂದ ಹಿಡಿದು ಹಿಂದೂ ಮಹಾಸಾಗರ, ಪೆಸಿಫಿಕ್ ಎರಡನ್ನೂ ದಾಟಿ ಮಧ್ಯ ಅಮೆರಿಕದ ಪಶ್ಚಿಮದ ದ್ವೀಪಗಳವರೆಗೆ ಇದು ಹರಡಿದೆ. ಬಲಿತರೂ ಸಾಮಾನ್ಯವಾಗಿ ಒಂದು ಗೇಣು ದಾಟದ ಮೀನಿಗೆ ಇಷ್ಟು ದೊಡ್ಡ ಸೀಮೆ.

ಸರ್ಜನ್ ಎನ್ನುವ ಹೆಸರಿಗೆ ಕಾರಣವಾದ ಅಲಗನ್ನೂ ಕದ್ಮತ್‌ನಲ್ಲೇ ನೋಡಿದೆ. ಸಂಜೆ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಈ ಕುಟುಂಬದ ಕಂದು ಬಣ್ಣದ ದೊಡ್ಡ ಮೀನೊಂದನ್ನು ಹಲಗೆಯ ಮೇಲೆ ಮಲಗಿಸಿ, ತಲೆಯ ಕಡೆಯಿಂದ ಹುಷಾರಾಗಿ ಒತ್ತಿ ಹಿಡಿದರು. ಬಾಲ ಶುರುವಾಗುವ ಕಡೆ, ಮೈಯ ಪಕ್ಕದಲ್ಲಿ, ಉಗುರಿನಲ್ಲಿ ಗೀರಿದಷ್ಟು ಸಣ್ಣ ಸೀಳು. ಅವರು ಬಾಲವನ್ನು ಬಾಗಿಸಿ ಒಂದು ಕಡ್ಡಿಯಿಂದ ಮೀಟಿದಾಗ ಅದರೊಳಗಿಂದ ಬಿಳಿ ಅಲಗು ಎದ್ದು ನಿಂತಿತು. ಮಡಚುವ ಚಾಕು ಹೇಗೋ ಹಾಗೆ. ಅಲಗಿನ ಕೀಲು ಹಿಂದೆ, ಚೂಪು ತುದಿ ತಲೆಯ ಕಡೆಗೆ. ಎರಡೂ ಪಕ್ಕಕ್ಕೆ ಒಂದೊಂದು. ಮೀನು ಪಕ್ಕಕ್ಕೆ ಬಾಲ ಬೀಸಿದರೆ ಎದುರಿದ್ದವನ ಚರ್ಮ ಸೀಳುತ್ತದೆ. ಆ ಹಿರಿಯರ ಹೆಬ್ಬೆರಳ ಬುಡದಲ್ಲಿ ಅಂಥ ಹಳೇ ಗಾಯದ ಬಿಳಿ ಗೆರೆ ಇತ್ತು. ಮನಿನಿಯ ಅಲಗು ಇದಕ್ಕೆ ಹೋಲಿಸಿದರೆ ತೀರಾ ಪುಟ್ಟದು. ಮನಿನಿ ಅಲಗನ್ನು ನಂಬಿ ಬದುಕುವ ಮೀನಲ್ಲ. ಅದು ನಂಬಿರುವುದು ಗುಂಪನ್ನು, ಮತ್ತು ತನ್ನ ಕರುಳನ್ನು.

ಕರುಳಿನ ಕತೆಯನ್ನು ಮೊದಲು ಸರಿಯಾಗಿ ಬರೆದಿಟ್ಟವರು ಜಾನ್ ರಾಂಡಾಲ್. 1924ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಇವರು 1950ರಲ್ಲಿ ಹಾಯಿದೋಣಿಯಲ್ಲಿ ಹವಾಯಿಗೆ ಹೋದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸರ್ಜನ್ ಮೀನುಗಳ ಮೇಲೆಯೇ ಸಂಶೋಧನೆ ಮಾಡಿದರು. ಮುಂದೆ 800ಕ್ಕೂ ಹೆಚ್ಚು ಹೊಸ ಜಾತಿಯ ಮೀನುಗಳನ್ನು ಜಗತ್ತಿಗೆ ಪರಿಚಯಿಸಿ, 2020ರಲ್ಲಿ ತೀರಿಕೊಂಡರು. ಅಷ್ಟೆಲ್ಲ ಮೀನು ಕಂಡವರು ಯೌವನದ ಹಲವು ವರ್ಷಗಳನ್ನು ಈ ಒಂದು ಸಾಮಾನ್ಯ ಮೀನಿನ ಹಿಂದೆ ಕಳೆದರು ಎನ್ನುವುದೇ ನನಗೆ ಅವರ ಮೇಲೆ ಗೌರವ ಹುಟ್ಟಿಸಿದ್ದು. ಮನಿನಿಯ ಜೀವನದ ಬಗ್ಗೆ ಅವರ ದೀರ್ಘ ಬರಹ 1961ರಲ್ಲಿ ಪ್ರಕಟವಾಯಿತು.

ಸಂಜೆ ಬೆಳಕು ಕುಂದುವಾಗ ಮನಿನಿಗಳು ದೊಡ್ಡ ಗುಂಪಾಗಿ ಸೇರುತ್ತವೆ. ಗುಂಪು ಸುತ್ತುತ್ತ ಇರುವಾಗ ಅದರಿಂದ ಕೆಲವು ಮೀನು ಒಟ್ಟಿಗೆ ಮೇಲಕ್ಕೆ ಚಿಮ್ಮಿ, ಮೊಟ್ಟೆ ಮತ್ತು ವೀರ್ಯವನ್ನು ನೀರಿಗೆ ಬಿಟ್ಟು, ಕ್ಷಣಮಾತ್ರದಲ್ಲಿ ಕೆಳಗಿಳಿಯುತ್ತವೆ. ಮೊಟ್ಟೆಯ ಅಗಲ 0.7 ಮಿಲಿಮೀಟರ್ ಕೂಡ ಇಲ್ಲ. ಒಳಗೊಂದು ಎಣ್ಣೆಯ ಹನಿ, ತೇಲಲಿಕ್ಕೆ. ಸುಮಾರು ಒಂದು ದಿನದಲ್ಲಿ ಮರಿ ಹೊರಬರುತ್ತದೆ. ಅಷ್ಟರಲ್ಲಿ ಪ್ರವಾಹ ಅದನ್ನು ದಿಬ್ಬದಿಂದ ಆಚೆ ಒಯ್ದಿರುತ್ತದೆ. ತಾಯಿ ತಂದೆ ಯಾರೂ ಹಿಂದೆ ಹೋಗುವುದಿಲ್ಲ.

ಎರಡು ಎರಡೂವರೆ ತಿಂಗಳು ಅದು ತಳ ಕಾಣದ ಸಮುದ್ರದಲ್ಲಿ ಇರುತ್ತದೆ. ಅಡಗಲು ಕಲ್ಲಿಲ್ಲ, ಗಿಡವಿಲ್ಲ. ಹಾಗಾಗಿ ಮೈಯನ್ನೇ ಗಾಜಾಗಿಸಿಕೊಳ್ಳುತ್ತದೆ. ಬಣ್ಣವಿಲ್ಲದ, ಬಿಲ್ಲೆಯಂಥ, ಹೊಟ್ಟೆಯ ಜಾಗದಲ್ಲಿ ಮಾತ್ರ ಬೆಳ್ಳಿ ಹೊಳಪಿನ ಮರಿ. ಮರಿ ಎಷ್ಟು ಬೇರೆಯಾಗಿ ಕಾಣುತ್ತದೆಂದರೆ, ಹಿಂದಿನ ವಿಜ್ಞಾನಿಗಳು ಇಂಥ ಮರಿಗಳನ್ನು ಬೇರೆಯದೇ ಮೀನೆಂದು ತಿಳಿದು ಅಕ್ರೊನ್ಯೂರಸ್ ಅಂತ ಪ್ರತ್ಯೇಕ ಹೆಸರಿಟ್ಟಿದ್ದರು. ಗೊದಮೊಟ್ಟೆಯನ್ನು ಕಂಡು ಮೀನಿನ ಜಾತಿ ಅಂದುಕೊಂಡ ಹಾಗೆ. ಈ ದಿನಗಳಲ್ಲಿ ಅದು ತಿನ್ನುವುದು ನೀರಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳನ್ನು. ಅಂದರೆ ಪೂರಾ ಮಾಂಸಾಹಾರಿ.

ಆಮೇಲೆ ಒಂದು ಕತ್ತಲ ರಾತ್ರಿ ಅದು ಅಲೆಯ ಜೊತೆ ದಿಬ್ಬವನ್ನು ದಾಟಿ ಒಳಗೆ ಬರುತ್ತದೆ. ದಿಬ್ಬದ ನೆತ್ತಿಯಲ್ಲಿ ಬಾಯಿ ತೆರೆದು ಕಾದಿರುವ ಮೀನುಗಳ ಕಣ್ಣು ತಪ್ಪಿಸಲು ಕತ್ತಲೇ ಬೇಕು. ಬದುಕಿ ಬಂದ ಮರಿ ಮೊಣಕಾಲು ಮುಳುಗದಷ್ಟು ನೀರಿಗೆ, ದಡದ ಗುಂಡಿಗಳಿಗೆ ಹೋಗಿ ಸೇರಿಕೊಳ್ಳುತ್ತದೆ. ಆಗ ಅದರ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಕದ್ಮತ್‌ನ ಹುಡುಗ ಬೆರಳು ಮಾಡಿದ್ದು ಅಂಥದ್ದೊಂದಕ್ಕೆ.

ಹವಾಯಿಯವರಿಗೆ ಇದು ರಾಂಡಾಲ್‌ಗಿಂತ ಎಷ್ಟೋ ಮೊದಲೇ ಗೊತ್ತಿತ್ತು. ಮನಿನಿಯ ಮರಿಗೆ ಅವರು ಹಂತಹಂತಕ್ಕೆ ಹೆಸರಿಟ್ಟಿದ್ದಾರೆ. ಈಗಷ್ಟೇ ಬಂದ ಪಾರದರ್ಶಕ ಮರಿ ಓಹುಅ ಲಿಕೊ. ಲಿಕೊ ಎಂದರೆ ಚಿಗುರು. ಮೈಮೇಲೆ ಗೆರೆ ಮೂಡಿದ ಮೇಲೆ ಓಹುಅ ಕಾನಿಓ. ಕಾನಿಓ ಎಂದರೆ ಉದ್ದುದ್ದ ಗೆರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಡೆ ಹಲಸಿಗೆ ಇರುವ ಮಾತುಗಳು. ಮಿಡಿ, ಗುಜ್ಜೆ, ಬಲಿತ ಕಾಯಿ, ಹಣ್ಣು. ದಿನಾ ಕೈಗೆ ಬಂದು, ಅಡುಗೆಮನೆಗೆ ಹೋಗುವ ವಸ್ತುವಿಗೆ ಮಾತ್ರ ಜನ ಹೀಗೆ ಹೆಜ್ಜೆ ಹೆಜ್ಜೆಗೂ ಹೆಸರಿಡುತ್ತಾರೆ. ನೋಡನೋಡುತ್ತ ಬದಲಾಗುವ ಮೀನನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದರು.

ಬದಲಾವಣೆಗೆ ಅದು ತೆಗೆದುಕೊಳ್ಳುವ ಸಮಯ ನಾಲ್ಕೈದು ದಿನ. ಗಾಜಿನ ಮೈಗೆ ಬಣ್ಣ ಬರುತ್ತದೆ, ಕಪ್ಪು ಗೆರೆ ಮೂಡುತ್ತದೆ. ಎದುರಿಗೆ ಬಂದದ್ದನ್ನು ಹಿಡಿಯಲು ಮುಂದಕ್ಕಿದ್ದ ಬಾಯಿ, ಕಲ್ಲಿಗೆ ಅಂಟಿದ್ದನ್ನು ಕಚ್ಚಲು ಅನುವಾಗುವಂತೆ ಕೆಳಗಿಳಿಯುತ್ತದೆ. ಕರುಳು ಸುಮಾರು ಮೂರು ಪಟ್ಟು ಉದ್ದವಾಗುತ್ತದೆ. ಹಸು ಬೆಕ್ಕು ಎರಡನ್ನೂ ಸಾಕಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇಲಿ ತಿಂದ ಬೆಕ್ಕಿಗೆ ಗಿಡ್ಡ ಕರುಳು ಸಾಕು. ಹುಲ್ಲು ತಿನ್ನುವ ಹಸುವಿಗೆ ಮಾರುಗಟ್ಟಲೆ ಬೇಕು. ಸಸ್ಯದಿಂದ ಸತ್ವ ಹಿಂಡಿ ತೆಗೆಯಲು ಜಾಗವೂ ಬೇಕು, ಹೊತ್ತೂ ಬೇಕು. ಮನಿನಿ ಒಂದು ವಾರ ತುಂಬುವ ಮೊದಲು ಬೆಕ್ಕಿನ ಹೊಟ್ಟೆ ಬಿಟ್ಟು ಹಸುವಿನ ಹೊಟ್ಟೆ ಕಟ್ಟಿಕೊಳ್ಳುತ್ತದೆ, ಆಮೇಲೆ ಸಾಯುವವರೆಗೂ ಮೇಯುತ್ತದೆ. ಆ ದಿನ ಗುಂಡಿಯಲ್ಲಿ ಒಂದು ಮರಿ ಮೇಯದೆ ಸುಮ್ಮನೆ ನಿಂತದ್ದು ಅದಕ್ಕೇ ಇರಬೇಕು. ಅದರ ಒಳಗೆ ಇನ್ನೂ ಕೆಲಸ ನಡೆಯುತ್ತಿತ್ತು.

ಸರ್ಜನ್ ಮೀನುಗಳ ಕರುಳಿನ ಬಗ್ಗೆ ಇನ್ನೊಂದು ವಿಷಯವಿದೆ. ಮನಿನಿಯದಲ್ಲ, ಅದರ ನೆಂಟನದು, ಆದರೂ ಹೇಳದೆ ಮುಂದೆ ಹೋಗಲಾರೆ. 1985ರಲ್ಲಿ ಕೆಂಪು ಸಮುದ್ರದ ಕಂದು ಸರ್ಜನ್ ಮೀನಿನ ಕರುಳಲ್ಲಿ ವಿಚಿತ್ರವಾದ ಜೀವಿ ಸಿಕ್ಕಿತು. ಅರ್ಧ ಮಿಲಿಮೀಟರಿಗೂ ಉದ್ದ, ಬರಿಗಣ್ಣಿಗೆ ಚುಕ್ಕಿಯಾಗಿ ಕಾಣುವಷ್ಟು. ರಾಗಿ ಕಾಳಿನ ಮೂರನೇ ಒಂದು ಪಾಲು ಅಂದುಕೊಳ್ಳಿ. ಆ ಗಾತ್ರಕ್ಕೆ ಅದು ಬ್ಯಾಕ್ಟೀರಿಯಾ ಇರಲು ಸಾಧ್ಯವೇ ಇಲ್ಲ ಎಂದುಕೊಂಡಿದ್ದರು. 1993ರಲ್ಲಿ ಅದರ ವಂಶವಾಹಿ ಪರೀಕ್ಷಿಸಿ ನೋಡಿದರೆ ಬ್ಯಾಕ್ಟೀರಿಯಾವೇ. ಅದು ಎರಡಾಗಿ ಒಡೆಯುವ ಬದಲು ಒಡಲಲ್ಲೇ ಮರಿಕೋಶಗಳನ್ನು ಬೆಳೆಸಿ ಹೊರಬಿಡುತ್ತದೆ. ಅದಕ್ಕೆ ಕೊಟ್ಟ ಲ್ಯಾಟಿನ್ ಹೆಸರು ಎಪ್ಯುಲೊಪಿಶಿಯಮ್. ಮೀನಿನ ಔತಣಕ್ಕೆ ಬಂದ ಅತಿಥಿ ಎಂದು ಅರ್ಥ. ಪಾಚಿ ತುಂಬಿದ ಆ ಪುಟ್ಟ ಹೊಟ್ಟೆಗೆ ಔತಣ ಅಂದವರು ಯಾರೇ ಇರಲಿ, ಅವರ ಕಣ್ಣಲ್ಲಿ ಪ್ರೀತಿ ಇತ್ತು.

ಕದ್ಮತ್‌ನಲ್ಲಿ ಮೂರನೇ ದಿನ ಮುಖಕ್ಕೆ ಈಜುಗನ್ನಡಕ ಕಟ್ಟಿಕೊಂಡು ದಿಬ್ಬದೊಳಗಿನ ಲಗೂನಿನಲ್ಲಿ ಈಜುವಾಗ ಬಲಿತ ಮನಿನಿಗಳ ಹಿಂಡು ಎದುರಾಯಿತು. ಎಣಿಸಲು ನೋಡಿ ಎಂಬತ್ತರ ಹತ್ತಿರ ಲೆಕ್ಕ ತಪ್ಪಿತು. ಅಲ್ಲೊಂದು ಕಲ್ಲಿನ ಮೇಲೆ ಅಂಗೈಗಿಂತ ಸಣ್ಣದೊಂದು ಕಪ್ಪು ಮೀನು ತನ್ನದೇ ಪಾಚಿಯ ಮಡಿ ಮಾಡಿಕೊಂಡು ಕಾಯುತ್ತಿತ್ತು. ನಾನು ಹತ್ತಿರ ಹೋದರೆ ನನ್ನ ಕೈಗೇ ಬಂದು ಕುಟ್ಟಿತು. ಒಂಟಿ ಮನಿನಿಯೊಂದು ಅತ್ತ ಸುಳಿದಾಗ ಅಟ್ಟಿಸಿಕೊಂಡು ಹೋಗಿ ಓಡಿಸಿತು. ಆಮೇಲೆ ಹಿಂಡು ಇಳಿಯಿತು. ಗದ್ದೆಗೆ ದನ ನುಗ್ಗಿದ ಹಾಗೆ. ಕಾವಲಿನ ಮೀನು ಒಂದನ್ನು ಅಟ್ಟಿಸುವಷ್ಟರಲ್ಲಿ ಹತ್ತು ಬಾಯಿ ಹಾಕಿರುತ್ತಿದ್ದವು. ಎಲ್ಲ ತಲೆ ಕೆಳಗೆ ಮಾಡಿ ಕಲ್ಲು ಕಚ್ಚುವ ಸಣ್ಣ ಚಿಟಪಟ ನೀರೊಳಗೆ ನನಗೂ ಕೇಳುತ್ತಿತ್ತು. ಎರಡು ನಿಮಿಷ. ಎದ್ದು ಮುಂದಿನ ಕಲ್ಲಿಗೆ ಹೋದವು. ಮನಿನಿಯ ಹಲ್ಲು ಬಹಳ ಸಣ್ಣವು, ಅಂಚು ಬಾಚಣಿಗೆಯಂತೆ ಕಚ್ಚುಕಚ್ಚು. ಅದು ಕಲ್ಲನ್ನು ಕೆರೆಯುವುದಿಲ್ಲ, ಮೇಲಿನ ನೂಲಿನಂಥ ಪಾಚಿಯನ್ನಷ್ಟೇ ಕತ್ತರಿಸುತ್ತದೆ. ಹಿಂಡು ಹೋದ ಮೇಲೆ ನೋಡಿದರೆ ಕಲ್ಲು ಹೊಸದಾಗಿ ಕ್ಷೌರ ಮಾಡಿಸಿದಂತಿತ್ತು.

ಆ ಕಲ್ಲುಗಳಲ್ಲಿ ಬಹಳಷ್ಟು ಒಂದು ಕಾಲಕ್ಕೆ ಜೀವಂತ ಹವಳ. ಸಮುದ್ರ ಬಿಸಿಯಾದಾಗ ಹವಳ ತನಗೆ ಅನ್ನ ಮಾಡಿಕೊಡುವ ಸೂಕ್ಷ್ಮ ಪಾಚಿಯನ್ನು ಮೈಯಿಂದ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹಾಗಾಯಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು 1998ರಿಂದಲೂ ಅಲ್ಲಿನ ನೀರಲ್ಲಿ ಇಳಿದು ಲೆಕ್ಕ ಇಡುತ್ತಿದ್ದಾರೆ. ಅವರ ಸುಮಾರು ಕಾಲು ಶತಮಾನದ ಲೆಕ್ಕದಲ್ಲಿ ಜೀವಂತ ಹವಳ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ. ಸತ್ತ ಹವಳದ ಮೇಲೆ ಮೊದಲು ಬರುವುದು ಪಾಚಿ. ಅದು ದಟ್ಟವಾಗಿ ಬೆಳೆದರೆ ನೀರಲ್ಲಿ ತೇಲಿ ಬಂದ ಹವಳದ ಮರಿಗೆ ಕಾಲೂರಲು ಜಾಗವಿಲ್ಲ. ಮೇಯುವ ಮೀನು ಇದ್ದರೆ ಜಾಗ ಉಳಿಯುತ್ತದೆ. ಮನಿನಿ ಹವಳವನ್ನು ಕಾಪಾಡುತ್ತದೆ ಎನ್ನುವ ಮಾತನ್ನು ನಾನು ಆಡುವುದಿಲ್ಲ. ಬಿಸಿಯಾಗುವ ನೀರನ್ನು ಅದು ತಣಿಸಲಾರದು. ಅಂಗಳ ಗುಡಿಸಿ ಇಡುವಷ್ಟು ಮಾತ್ರ ಅದರ ಕೈಲಾಗುತ್ತದೆ. ಬರುವವರು ಬಂದರೆ ಕೂರಲು ಜಾಗವಿರುತ್ತದೆ. ಲಕ್ಷದ್ವೀಪದಲ್ಲಿ ಇಂಥ ಮೀನು ಇನ್ನೂ ಹಿಂಡಾಗಿ ಉಳಿದಿರುವುದಕ್ಕೆ ಒಂದು ಕಾರಣ ಅಲ್ಲಿನವರ ಟ್ಯೂನಾ. ಮಿನಿಕಾಯ್‌ನಲ್ಲಿ ಹಿಂದಿನಿಂದ ಇದ್ದ ಗಳದ ಗಾಳದ ಟ್ಯೂನಾ ಮೀನುಗಾರಿಕೆಯನ್ನು 1960ರ ದಶಕದಿಂದ ಉಳಿದ ದ್ವೀಪಗಳಿಗೂ ಹರಡಿದ್ದರಿಂದ ದೋಣಿಗಳು ದಿಬ್ಬವನ್ನು ಬಿಟ್ಟು ಹೊರಸಮುದ್ರಕ್ಕೆ ಹೋದವು. ಇತ್ತೀಚೆಗೆ ದಿಬ್ಬದ ಮೀನಿಗೂ ಪೇಟೆ ಹುಟ್ಟಿಕೊಂಡಿದೆ. ಅದು ನನಗೆ ಭಯ ಹುಟ್ಟಿಸುತ್ತದೆ.

ಇನ್ನೊಂದು ಭಯ ನಮ್ಮ ಮನೆಯದ್ದೇ.

ಗೊದಮೊಟ್ಟೆ ಕಪ್ಪೆಯಾಗಲು ಥೈರಾಯ್ಡ್ ಹಾರ್ಮೋನು ಬೇಕು ಎನ್ನುವುದು ಶಾಲೆಯ ಪಾಠ. ಮನಿನಿಯಲ್ಲೂ ಅದೇ ಹಾರ್ಮೋನು ಅದೇ ಕೆಲಸ ಮಾಡುತ್ತದೆ ಎಂದು ಪೆಸಿಫಿಕ್‌ನ ಮೋರೆಯಾ ದ್ವೀಪದಲ್ಲಿ ಕೆಲಸ ಮಾಡಿದ ಸಂಶೋಧಕರು 2017ರಲ್ಲಿ ತೋರಿಸಿದರು. ರಾತ್ರಿ ದಿಬ್ಬ ದಾಟಿ ಬರುವ ಮರಿಗಳನ್ನು ಬಲೆ ಕಟ್ಟಿ ಹಿಡಿದು ನೋಡಿದರೆ, ಬರುವ ಹೊತ್ತಿಗೆ ಆ ಹಾರ್ಮೋನು ಮೈಯಲ್ಲಿ ಏರಿರುತ್ತದೆ, ಬದಲಾವಣೆ ಮುಗಿಯುತ್ತ ಇಳಿಯುತ್ತದೆ. ಅದಕ್ಕೆ ತಡೆಯೊಡ್ಡಿದರೆ ಕರುಳು ಬೆಳೆಯುವುದಿಲ್ಲ. ತಡೆಯೊಡ್ಡಬಲ್ಲದ್ದು ಏನೆಂದು ಹುಡುಕಿ ಅವರು ಪರೀಕ್ಷಿಸಿದ್ದು ಕ್ಲೋರೋಪೈರಿಫಾಸ್ ಎಂಬ ಕೀಟನಾಶಕವನ್ನು. ಅದು ಬೆರೆತ ನೀರಲ್ಲಿ ಇಟ್ಟ ಮರಿಗಳಲ್ಲಿ ಹಾರ್ಮೋನು ಕುಸಿಯಿತು, ಕರುಳು ಗಿಡ್ಡ ಉಳಿಯಿತು, ಅವು ಪಾಚಿ ಮೇಯುವುದೂ ಕಡಿಮೆಯಾಯಿತು. 2020ರಲ್ಲಿ ಬಂದ ಮತ್ತೊಂದು ಅಧ್ಯಯನದಲ್ಲಿ ನೀರಿನ ಬಿಸಿಯನ್ನೂ ಹೆಚ್ಚಿಸಿ ನೋಡಿದರು. ಬಿಸಿಯಿಂದಲೂ, ಈ ಔಷಧಿಯಿಂದಲೂ ಮರಿಯ ಕಣ್ಣು, ಮೂಗು ಸರಿಯಾಗಿ ಬಲಿಯದೆ ಅವು ಬೇರೆ ಮೀನಿನ ಬಾಯಿಗೆ ಸುಲಭವಾಗಿ ಸಿಕ್ಕಿದವು.

ಆ ಹೆಸರು ಓದಿದಾಗ ಪುಸ್ತಕ ಮುಚ್ಚಿಟ್ಟ ಹಾಗೆ ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಕ್ಲೋರೋಪೈರಿಫಾಸ್ ನಾನು ಹುಟ್ಟಿ ಬೆಳೆದ ವಾಸನೆ. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಅರೇಬಿಕಾ ಕಾಫಿ ಇದೆ. ಅರೇಬಿಕಾ ಇದ್ದಲ್ಲಿ ಬಿಳಿ ಕಾಂಡಕೊರಕ ಅನ್ನುವ ದುಂಬಿ ಇದೆ. ದುಂಬಿ ಹಾರುವ ಕಾಲಕ್ಕೆ ಮೊದಲು, ಏಪ್ರಿಲ್‌ನಲ್ಲೊಮ್ಮೆ, ಮಳೆ ಮುಗಿದ ಮೇಲೆ ಇನ್ನೊಮ್ಮೆ, ಗಿಡದ ಕಾಂಡಕ್ಕೆ ಬಳಿಯುವುದು ಇದನ್ನೇ. ಮನೆ ಕಟ್ಟುವಾಗ ಪಾಯಕ್ಕೆ ಗೆದ್ದಲು ಬರದಂತೆ ಸುರಿದದ್ದೂ ಇದನ್ನೇ. ಅಪ್ಪ ಸಂಜೆ ತೋಟದಿಂದ ಬಂದರೆ ಸೋಪು ಹಚ್ಚಿ ಮೂರು ಸಲ ತೊಳೆದ ಮೇಲೂ ಕೈಯಿಂದ ಬರುತ್ತಿದ್ದ ವಾಸನೆ. 2020ರಲ್ಲಿ ಯುರೋಪ್ ಇದನ್ನು ನಿಲ್ಲಿಸಿತು. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಕೆಲವು ವಿನಾಯಿತಿ ಇಟ್ಟು ಇದನ್ನು ಕೈಬಿಡಬೇಕಾದ ವಿಷಗಳ ಪಟ್ಟಿಗೆ ಸೇರಿಸಿತು.

ಅಪ್ಪನಿಗೆ ಹೇಗೆ ಹೇಳುವುದು ಎಂದು ಒಂದು ವಾರ ಯೋಚಿಸಿದೆ. ಅವರು ಈ ಔಷಧಿಯನ್ನು ದುರಾಸೆಗೆ ಬಳಿದವರಲ್ಲ. ಕೊರಕ ಹೊಕ್ಕ ಗಿಡದ ತೊಗಟೆಯ ಮೇಲೆ ಉಬ್ಬು ಕಂಡಾಗ ಅವರ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು. ಏಪ್ರಿಲ್‌ನ ಒಂದು ಬೆಳಿಗ್ಗೆ ಡ್ರಮ್ಮಿನ ಪಕ್ಕ ನಿಂತಿದ್ದಾಗ ಫೋನಿನಲ್ಲಿದ್ದ ಆ ಗುಂಡಿಯ ಚಿತ್ರ ತೋರಿಸಿದೆ. ಗಾಜಿನ ಮರಿ, ಐದು ದಿನ, ಮೂರು ಪಟ್ಟು ಕರುಳು, ಎಲ್ಲ ಹೇಳಿದೆ. ಅಪ್ಪ ಕನ್ನಡಕ ಏರಿಸಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು.

"ನಮ್ಮ ಹಳ್ಳದ ನೀರು ಅಲ್ಲಿಗೆ ಹೋಗುತ್ತಾ?"

ಇಲ್ಲ ಅಂದೆ. ನಮ್ಮ ಹಳ್ಳ ಹೇಮಾವತಿಗೆ ಸೇರುತ್ತೆ, ಹೇಮಾವತಿ ಕಾವೇರಿಗೆ, ಕಾವೇರಿ ಬಂಗಾಳ ಕೊಲ್ಲಿಗೆ. ಕದ್ಮತ್ ಇರುವುದು ಈ ಕಡೆ ಅರಬ್ಬಿ ಸಮುದ್ರದಲ್ಲಿ. ಅಷ್ಟು ದೂರ ಹೋಗುವ ಹೊತ್ತಿಗೆ ಎಷ್ಟು ಉಳಿದಿರುತ್ತೋ ಏನೋ.

"ಹಳ್ಳದಲ್ಲೇ ಮೀನಿತ್ತಲ್ಲ ಪುಟ್ಟಿ" ಅಂದರು. "ನೀನು ಹುಟ್ಟೋ ಮೊದಲು. ಮಳೆ ಹಿಡಿದ ತಕ್ಷಣ ಹತ್ತುಮೀನು ಅಂತ, ನೀರಿಗೆ ಎದುರಾಗಿ ಹತ್ತಿ ಗದ್ದೆವರೆಗೂ ಬರ್ತಿದ್ವು."

ಆ ಸಲ ಹಳ್ಳದ ಬದಿಯ ನಾಲ್ಕು ಸಾಲಿಗೆ ಅಪ್ಪ ಔಷಧಿ ಬಳಿಸಲಿಲ್ಲ. ತೆಂಗಿನ ನಾರಿನ ಕೈಗವಸು ಹಾಕಿಕೊಂಡು ಇಬ್ಬರೂ ಒಂದೊಂದು ಕಾಂಡವನ್ನೂ ಉಜ್ಜಿದೆವು. ಸಡಿಲ ತೊಗಟೆ ಉದುರಿ, ದುಂಬಿ ಮೊಟ್ಟೆ ಇಡುವ ಬಿರುಕು ಉಳಿಯದಂತೆ. ನಾಲ್ಕು ಸಾಲಿಗೆ ಮೂರು ದಿನ ಹಿಡಿಯಿತು. ಸೆಪ್ಟೆಂಬರಿನಲ್ಲಿ ಗುರುತು ಹಾಕುತ್ತ ಹೋದಾಗ ಆ ಸಾಲುಗಳಲ್ಲಿ ಹನ್ನೊಂದು ಗಿಡಕ್ಕೆ ಕೊರಕ ಬಿದ್ದಿತ್ತು. ಕಿತ್ತು ಸುಟ್ಟೆವು.